ಬಾಡಿಗೆ ಮನೆಗೆ ಹೋಮ್ ಲೋನಾ, ಇರುವ ಮನೆ ಅಡ ಇಡೋದಾ?

ಕಲಬುರಗಿಯಲ್ಲಿ ಬಾಡಿಗೆಗೆಂದೇ ಮನೆ ಕೊಳ್ಳಬೇಕು, ಯಾವ ಸಾಲ ಅಂತ ಕೇಳಿದ್ದೀರಿ. ಹೋಮ್ ಲೋನ್ ಬಡ್ಡಿ ಸಾಮಾನ್ಯವಾಗಿ ಕಡಿಮೆ, 30 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 90% ತನಕ ಸಿಗಬಹುದು. ಸಂಬಳ ಇದ್ದು, ಕೊಳ್ಳುವ ಮನೆಯ ಖಾತಾ ಸರಿ ಇದ್ದವರಿಗೆ ಇದೇ ವಾಸಿ. ಸುಮ್ನೆ ಮಹಡಿ ಮೇಲೆ ಎರಡು ರೂಮು ಹಾಕಿಸಿ ಬೇಗ ತೀರಿಸುವ ಲೆಕ್ಕವಿದ್ದರೆ ಇರುವ ಮನೆಯನ್ನೇ ಅಡ ಇಟ್ಟು ತೆಗೆಯುವ ಅಡಮಾನ ಸಾಲ ನೋಡಿ, ಬಡ್ಡಿ ಜಾಸ್ತಿ ಅಷ್ಟೆ.

ಅಪಾಯ ಎರಡರಲ್ಲೂ ಇದೆ. ಬಾಡಿಗೆಗಿದ್ದ ಹುಡುಗರ ಪರೀಕ್ಷೆ ಮುಗಿದ ಮೇಲೆ ನಮ್ಮ ಮಹಡಿ ರೂಮಿಗೆ ಎರಡು ತಿಂಗಳು ಬೀಗ, ಕಂತು ಮಾತ್ರ 5ನೇ ತಾರೀಖಿಗೆ ತಪ್ಪದೆ ಕಟ್! ಕಂತು ಕಟ್ಟದೆ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ; ಆಮೇಲೆ ಸರ್ಫೇಸಿ ಕಾಯ್ದೆಯ (ಅಡ ಇಟ್ಟ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ತೆಗೆದುಕೊಂಡು ಮಾರಲು ಬಿಡುವ ಕಾನೂನು) 60 ದಿನದ ನೋಟಿಸು. ಅಡ ಇಟ್ಟದ್ದು ನೀವೇ ಇರುವ ಮನೆಯಾದರೆ ಹೋಗುವುದು ನಿಮ್ಮ ಸೂರೇ ಅಲ್ವಾ? ಬ್ಯಾಂಕಿಗೂ ಸಲೀಸಲ್ಲ, ಬಾಡಿಗೆದಾರರು ಒಳಗಿರುವ ಮನೆಗೆ ಹರಾಜಿನಲ್ಲಿ ಗಿರಾಕಿ ಸುಲಭಕ್ಕೆ ಸಿಗುವುದಿಲ್ಲ.