ಅನಲಾಗ್ ಪಿನ್ನಿನ ಕಾವಲಿಗೆ ಝೀನರೋ, ಶಾಟ್ಕಿಯೋ?

ಶಿರಸಿ ಕಡೆ ತೋಟದ ಸೋಲಾರ್ ಬೇಲಿಯ ಬ್ಯಾಟರಿ ನೋಡಿಕೊಳ್ಳಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೂರಿಸುವುದಾದರೆ, ಅದರ ವೋಲ್ಟೇಜ್ ಅಳೆಯುವ ಅನಲಾಗ್ ಪಿನ್ನಿನ ಕಾವಲಿಗೆ ನನ್ನ ಆಯ್ಕೆ ಬಿಎಟಿ54ಎಸ್ ಶಾಟ್ಕಿ ಜೋಡಿ: ಹೆಚ್ಚುವರಿ ವೋಲ್ಟೇಜನ್ನು ಬೋರ್ಡಿನ 3.3 ವೋಲ್ಟಿನ ಲೈನಿಗೆ ಹರಿಸಿಬಿಡುವ ಎರಡು ಡಯೋಡ್. ಅದನ್ನು ಗ್ರೌಂಡಿಗೆ ಹರಿಸುವ 3.3 ವೋಲ್ಟಿನ ಝೀನರ್ ಡಯೋಡ್ ಇನ್ನು ಕೊಳ್ಳುವುದಿಲ್ಲ.

ಪಿನ್ ಸುಡುವುದು ಹೆಚ್ಚಾಗಿ ಬ್ಯಾಟರಿ ವೈರ್ ಕಳಚಿದಾಗ. ಟರ್ಮಿನಲ್ಲಿಗೆ ಕಿಲುಬು ಹಿಡಿದರೆ ಸಾಕು. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಅದು ಬೇಗ ಹಿಡಿಯುತ್ತದೆ. ಆಗ ಅಗ್ಗದ ಚಾರ್ಜರ್ ಪ್ಯಾನೆಲ್ಲಿನ 22 ವೋಲ್ಟನ್ನು ಹಾಗೇ ಮುಂದೆ ಬಿಡಬಹುದು. ಬ್ಯಾಟರಿಯ ವೋಲ್ಟೇಜನ್ನು ಪಿನ್ನಿಗೆ ತಕ್ಕಂತೆ ಇಳಿಸಲು 47ಕೆ–10ಕೆ (ಕಿಲೋಓಮ್) ರೆಸಿಸ್ಟರ್ ಜೋಡಿ, ಅಂದರೆ ಡಿವೈಡರ್, ಹಾಕಿದ್ದರೆ ಚಾರ್ಜ್ ಆಗುವಾಗಿನ 14.4 ವೋಲ್ಟಿಗೆ ಪಿನ್ನಿನಲ್ಲಿ 2.53 ಇರುತ್ತದೆ, 22ಕ್ಕೆ 3.86 ಆಗುತ್ತದೆ. ಪಿನ್ನಿನ ಮಿತಿ 3.6.

ಝೀನರ್ ಚಿಪ್ಪನ್ನು ಉಳಿಸುತ್ತದೆ, ರೀಡಿಂಗ್ ಕೆಡಿಸುತ್ತದೆ. 1ಎನ್4728ಎ ಝೀನರನ್ನು 3.3 ವೋಲ್ಟಿನದು ಎಂದರೂ ಅದು 76 ಮಿಲಿಆಂಪಿಯರ್ ಹರಿದಾಗಿನ ಮಾತು. ನಮ್ಮ ಡಿವೈಡರಿನಲ್ಲಿ ಹರಿಯುವುದು ಕಾಲು ಮಿಲಿಆಂಪಿಯರ್. ಕಡಿಮೆ ವೋಲ್ಟಿನ ಝೀನರ್ ಬಹಳ ಮೊದಲೇ ಸೋರತೊಡಗುತ್ತದೆ: ಒಂದು ವೋಲ್ಟಿಗೇ 100 ಮೈಕ್ರೊಆಂಪಿಯರ್‌ವರೆಗೆ ಎಂದು ಡೇಟಾಶೀಟಿನಲ್ಲೇ ಇದೆ. ಅದರ ಅರ್ಧ, 50 ಸೋರಿತು ಎಂದುಕೊಳ್ಳಿ. 47ಕೆ, 10ಕೆ ಸಮಾನಾಂತರದಲ್ಲಿ 8.2ಕೆ, ಅಂದರೆ ಪಿನ್ನಿನಲ್ಲಿ 0.41 ವೋಲ್ಟ್ ಕುಸಿತ. ಅದನ್ನು ಡಿವೈಡರಿನ ಅನುಪಾತವಾದ 5.7ರಿಂದ ಗುಣಿಸಿದರೆ ಬ್ಯಾಟರಿ ಲೆಕ್ಕದಲ್ಲಿ 2.3 ವೋಲ್ಟ್. ತುಂಬಿದ 12.6ರ ಬ್ಯಾಟರಿಯನ್ನು 10.3 ಎಂದು ಓದಿ ಬೋರ್ಡು ಬೇಲಿಯನ್ನೇ ಬಂದ್ ಮಾಡುತ್ತದೆ.

ಕೋಡಿನಲ್ಲಿ ತಿದ್ದಿದರೂ ಸರಿಹೋಗದು. ಸೋರಿಕೆ ವೋಲ್ಟೇಜಿನ ಜೊತೆ ನೇರ ಲೆಕ್ಕದಲ್ಲಿ ಏರುವುದಿಲ್ಲ, ಬಿಸಿಲಿಗೆ ಬದಲಾಗುತ್ತದೆ, ಒಂದು ಝೀನರಿನ ಹಾಗೆ ಇನ್ನೊಂದು ಇರುವುದಿಲ್ಲ. ರೆಸಿಸ್ಟರುಗಳನ್ನು ಹತ್ತನೇ ಒಂದಕ್ಕೆ ಇಳಿಸಿದರೆ ತಪ್ಪು ಕಡಿಮೆಯಾಗುತ್ತದೆ, ಆದರೆ ಬ್ಯಾಟರಿಯಿಂದ ಹಗಲೂ ರಾತ್ರಿ 2.5 ಮಿಲಿಆಂಪಿಯರ್ ಸುಮ್ಮನೆ ಹೋಗುತ್ತದೆ.

ಬಿಎಟಿ54ಎಸ್‌ನ ಸೋರಿಕೆ 25 ಡಿಗ್ರಿಯಲ್ಲಿ, 25 ವೋಲ್ಟಿಗೂ, ಹೆಚ್ಚೆಂದರೆ 2 ಮೈಕ್ರೊಆಂಪಿಯರ್. ತಪ್ಪು 0.1 ವೋಲ್ಟಿನೊಳಗೆ. ಒಂದನೇ ಕಾಲು ಗ್ರೌಂಡಿಗೆ, ಎರಡನೆಯದು 3.3ಕ್ಕೆ, ಮೂರನೆಯದು ಪಿನ್ನಿಗೆ. ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಕೊನೆಯ ಅಕ್ಷರ ನೋಡಿ ತರಿಸಿ: 54ಎ, 54ಸಿ ನೋಡಲು ಹಾಗೇ ಇದ್ದರೂ ಒಳಗಿನ ಜೋಡಣೆ ಬೇರೆ. ಮಲ್ಟಿಮೀಟರನ್ನು ಡಯೋಡ್ ಮೋಡಿಗಿಟ್ಟು ಕೆಂಪು ಮೊನೆ ಒಂದಕ್ಕೆ, ಕಪ್ಪು ಮೂರಕ್ಕೆ ಹಿಡಿದಾಗ ಬರುವ ಅಂಕಿ, ಒಂದರಿಂದ ಎರಡಕ್ಕೆ ಹಿಡಿದಾಗ ಇಮ್ಮಡಿಯಾಗಬೇಕು. ಇಷ್ಟು ಸಣ್ಣದಕ್ಕೆ ಬೆಸುಗೆ ಹಾಕಲು ಕೈ ಕೂರದಿದ್ದರೆ ಉದ್ದ ಕಾಲಿನ ಬಿಎಟಿ85 ಎರಡು ಹಾಕಿ.

ಇದಕ್ಕೂ ಒಂದು ಕೊರತೆಯಿದೆ. ಹೆಚ್ಚುವರಿ ಕರೆಂಟ್ ಹೋಗುವುದು 3.3ರ ಲೈನಿಗೆ, ಸಾಮಾನ್ಯ ರೆಗ್ಯುಲೇಟರ್ ಅದನ್ನು ಹೀರಿಕೊಳ್ಳುವುದಿಲ್ಲ. ಮೇಲಿನ ಡಿವೈಡರಿನಲ್ಲಿ ಅದು ತೀರಾ ಅಲ್ಪ. ಆದರೆ ಮಣ್ಣಿನ ತೇವದ ಸೆನ್ಸರಿನ ವೈರು 1ಕೆ ಮೂಲಕ ಬಂದು ಅದಕ್ಕೆ 12 ವೋಲ್ಟ್ ತಗುಲಿದರೆ 8 ಮಿಲಿಆಂಪಿಯರ್ ನುಗ್ಗುತ್ತದೆ. ಬೋರ್ಡು ನಿದ್ದೆಯಲ್ಲಿದ್ದು ಅಷ್ಟು ಕರೆಂಟ್ ಬಳಸದಿದ್ದರೆ ಲೈನಿನ ವೋಲ್ಟೇಜೇ ಏರುತ್ತದೆ. ಅಲ್ಲಿ 10ಕೆಗಿಂತ ಕಡಿಮೆ ಹಾಕಬೇಡಿ, 3.3ರಿಂದ ಗ್ರೌಂಡಿಗೆ 2.2ಕೆ ಇಡಿ.

ಹೊರಗೆ ಏನೂ ಹಾಕದೆ ಚಿಪ್ಪಿನೊಳಗಿನ ಡಯೋಡನ್ನೇ ನಂಬುವುದು ಮೇಜಿನ ಪ್ರಯೋಗಕ್ಕೆ ಸಾಕು, ತೋಟಕ್ಕೆ ಬೇಡ.

ಏಪ್ರಿಲ್–ಮೇ ಸಿಡಿಲಿನ ದಿನಗಳಿಗೆ, ವೈರು ಉದ್ದವಿದ್ದರೆ, ಡಿವೈಡರಿಗೂ ಮೊದಲು ಒಂದು ಎಸ್‌ಎಂಎಜೆ24ಎ ಟಿವಿಎಸ್ (ಕ್ಷಣಮಾತ್ರದ ಅತಿವೋಲ್ಟೇಜ್ ತಡೆಯುವ ಡಯೋಡ್) ಸೇರಿಸಿ. ಅದು 38.9 ವೋಲ್ಟಿಗೆ ತಡೆದರೂ 47ಕೆ ದಾಟಿ ಶಾಟ್ಕಿಗೆ ಬರುವುದು ಅರ್ಧ ಮಿಲಿಆಂಪಿಯರಿಗಿಂತ ಕಡಿಮೆ.