ಗೂಗಲ್ ಬಿಸಿನೆಸ್ ಪ್ರೊಫೈಲ್: ಸಣ್ಣ ಅಂಗಡಿಯ ಎರಡನೇ ಬೋರ್ಡು

ಹಳೇ ಬೇಕರಿ, ಬಟ್ಟೆ ಅಂಗಡಿಗಳ ಕೈಚೀಲದ ಮೇಲೆ ‘ಬಿಸಿನೆಸ್ ಡಾಟ್ ಸೈಟ್’ ಎಂದು ಮುಗಿಯುವ ವೆಬ್ ವಿಳಾಸ ಇನ್ನೂ ಅಚ್ಚಾಗಿರುವುದುಂಟು. ಟೈಪ್ ಮಾಡಿ ನೋಡಿದರೆ ಆ ಅಂಗಡಿಯ ಪುಟ ತೆರೆದುಕೊಳ್ಳುವುದಿಲ್ಲ. ಸಣ್ಣ ವ್ಯಾಪಾರಿಗಳಿಗೆ ಬಿಟ್ಟಿಯಾಗಿ ಕೊಟ್ಟಿದ್ದ ಆ ವೆಬ್‌ಸೈಟುಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಗೂಗಲ್‌ನಲ್ಲಿ ಅಂಗಡಿಯನ್ನು ಹುಡುಕಿದಾಗ ವಿಳಾಸ, ಸಮಯ, ಫೋನ್ ನಂಬರ್ ಸಮೇತ ಕಾಣುವ ಬಿಟ್ಟಿ ಪುಟವೇ ಬಿಸಿನೆಸ್ ಪ್ರೊಫೈಲ್. ಅದೇ ವರ್ಷ ಜುಲೈ 31ಕ್ಕೆ ಅದರೊಳಗಿನ ಚಾಟ್ ಸೌಲಭ್ಯವೂ ಹೋಯಿತು. ಅದಕ್ಕೂ ಮೊದಲು, 2021ರ ಕೊನೆಯಲ್ಲಿ ‘ಗೂಗಲ್ ಮೈ ಬಿಸಿನೆಸ್’ ಎಂಬ ಹೆಸರು ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಆಯಿತು. 2022ರಲ್ಲಿ ಅದರ ಪ್ರತ್ಯೇಕ ಆ್ಯಪ್ ನಿಂತಿತು. ಈಗ ಅದನ್ನು ನಡೆಸುವುದೆಲ್ಲ ಗೂಗಲ್ ಸರ್ಚ್ ಮತ್ತು ಮ್ಯಾಪ್ಸ್ ಒಳಗಿನಿಂದಲೇ.

ಇಷ್ಟೆಲ್ಲ ಬದಲಾದ ಮೇಲೂ ಬೀದಿಗೆ ಬಾಗಿಲಿರುವ ಅಂಗಡಿಗೆ ಇದಕ್ಕಿಂತ ಉಪಯೋಗದ ಬಿಟ್ಟಿ ಪ್ರಚಾರ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾರಣ ಸರಳ. ಇನ್‌ಸ್ಟಾಗ್ರಾಂನಲ್ಲಿ ರೀಲ್ ನೋಡುವವರು ಹೊತ್ತು ಕಳೆಯಲು ಬಂದವರು. ‘ಹತ್ತಿರದ ಪಂಕ್ಚರ್ ಅಂಗಡಿ’, ‘ಕೇಕ್ ಆರ್ಡರ್ ವಿಜಯಪುರ’ ಎಂದು ಹುಡುಕುವವರ ಕೈಯಲ್ಲಿ ಆಗಲೇ ದುಡ್ಡಿದೆ, ದಾರಿ ಮಾತ್ರ ಗೊತ್ತಿಲ್ಲ. ಆ ದಾರಿ ತೋರಿಸುವ ಕೆಲಸವನ್ನು ಪ್ರೊಫೈಲ್ ಚೆನ್ನಾಗಿ ಮಾಡುತ್ತದೆ. ಗಿರಾಕಿಯನ್ನು ಮತ್ತೆ ಕರೆತರುವ ಕೆಲಸ ಅದರ ಕೈಲಿ ಆಗುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು. ಅದರ ಮಾತು ಮುಂದೆ ಬರುತ್ತದೆ.

ಮೊದಲು ತೆರೆಯುವ ವಿಧಾನ. ಅಂಗಡಿಗೆಂದೇ ಒಂದು ಹೊಸ ಜಿಮೇಲ್ ಖಾತೆ ಮಾಡಿ, ಅದರ ಪಾಸ್‌ವರ್ಡ್ ಮತ್ತು ರಿಕವರಿ ಫೋನ್ ನಂಬರ್ ಮಾಲೀಕರ ಹತ್ತಿರವೇ ಇರಲಿ. ಇಲ್ಲಿ ಎಡವುವವರೇ ಹೆಚ್ಚು. ವಿಸಿಟಿಂಗ್ ಕಾರ್ಡ್ ಮಾಡಿಕೊಟ್ಟ ಹುಡುಗನೋ ‘ಡಿಜಿಟಲ್ ಮಾರ್ಕೆಟಿಂಗ್’ ಏಜೆಂಟರೋ ತಮ್ಮ ಜಿಮೇಲ್‌ನಲ್ಲಿ ಪ್ರೊಫೈಲ್ ತೆರೆದುಬಿಡುತ್ತಾರೆ. ಎರಡು ವರ್ಷದ ಮೇಲೆ ಫೋನ್ ನಂಬರ್ ಬದಲಿಸಬೇಕೆಂದಾಗ ಅವರು ಸಿಗುವುದಿಲ್ಲ. ಹಾಗಾಗಿದ್ದರೆ ಮ್ಯಾಪ್ಸ್‌ನಲ್ಲಿ ನಿಮ್ಮ ಅಂಗಡಿಯ ಪುಟ ತೆರೆದು, ಮಾಲೀಕತ್ವ ಕೋರುವ ಆಯ್ಕೆ ಒತ್ತಿ. ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನದ ಅವಕಾಶವಿರುತ್ತದೆ. ಅವರು ಸುಮ್ಮನಿದ್ದರೆ, ನೀವೇ ವೆರಿಫಿಕೇಷನ್ (ಅಂಗಡಿ ನಿಮ್ಮದೇ ಎಂದು ಗೂಗಲ್‌ಗೆ ಖಚಿತಪಡಿಸುವುದು) ಮಾಡಿಸಿ ಪಡೆಯುವ ದಾರಿ ತೆರೆದುಕೊಳ್ಳಬಹುದು. ಏಜೆಂಟರಿಂದ ಕೆಲಸ ಮಾಡಿಸಲೇಬೇಕಿದ್ದರೆ ಅವರನ್ನು ‘ಮ್ಯಾನೇಜರ್’ ಎಂದು ಸೇರಿಸಿ, ‘ಓನರ್’ ಎಂದು ಅಲ್ಲ. ಹೊಸದಾಗಿ ಸೇರಿದವರಿಗೆ ಮೊದಲ 7 ದಿನ ಪೂರ್ತಿ ಅಧಿಕಾರ ಇರುವುದಿಲ್ಲ, ಆದ್ದರಿಂದ ಈ ಬದಲಾವಣೆಯನ್ನು ಹಬ್ಬದ ಹಿಂದಿನ ವಾರಕ್ಕೆ ಇಟ್ಟುಕೊಳ್ಳಬೇಡಿ.

ಹೆಸರು ತುಂಬುವಾಗ ಬೋರ್ಡಿನಲ್ಲಿ ಏನಿದೆಯೋ ಅಷ್ಟನ್ನೇ ಬರೆಯಿರಿ. ಬೋರ್ಡಿನಲ್ಲಿ ‘ಶ್ರೀ ಗಣೇಶ ಬೇಕರಿ’ ಎಂದಿದ್ದು, ಪ್ರೊಫೈಲ್‌ನಲ್ಲಿ ‘ಶ್ರೀ ಗಣೇಶ ಬೇಕರಿ ಬೆಸ್ಟ್ ಕೇಕ್ ಶಾಪ್ ಫ್ರೀ ಡೆಲಿವರಿ’ ಎಂದು ತುಂಬಿದರೆ ಕೆಲವು ದಿನ ಮೇಲೆ ಕಾಣಬಹುದು. ಆದರೆ ಅದು ನಿಯಮ ಮೀರಿದ್ದು, ಪ್ರೊಫೈಲ್ ಅಮಾನತಾಗುವ ಮುಖ್ಯ ಕಾರಣಗಳಲ್ಲಿ ಒಂದು. ಅಮಾನತಾದರೆ ಅಂಗಡಿ ಮ್ಯಾಪ್‌ನಿಂದಲೇ ಕಾಣೆಯಾಗಬಹುದು. ಹಾಗಾದಾಗ ಗಾಬರಿಯಿಂದ ಹೊಸ ಪ್ರೊಫೈಲ್ ತೆರೆಯಬೇಡಿ. ಒಂದೇ ವಿಳಾಸಕ್ಕೆ ಎರಡಾದರೆ ಗೋಜಲು ಹೆಚ್ಚುತ್ತದೆ. ಹೆಸರು ಸರಿಪಡಿಸಿ, ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ಪ್ರಮಾಣಪತ್ರ ಅಥವಾ ಅಂಗಡಿಯ ಕರೆಂಟ್ ಬಿಲ್ ಕೈಗೆ ಸಿಗುವಂತೆ ಇಟ್ಟುಕೊಂಡು ಮೇಲ್ಮನವಿ ಸಲ್ಲಿಸಿ. ಕೊಡುವ ದಾಖಲೆಯಲ್ಲೂ ಪ್ರೊಫೈಲ್‌ನಲ್ಲೂ ಹೆಸರು, ವಿಳಾಸ ಒಂದೇ ಥರ ಇರಬೇಕು. ಕರೆಂಟ್ ಬಿಲ್ ಕಟ್ಟಡದ ಮಾಲೀಕರ ಹೆಸರಿನಲ್ಲಿರುವುದು ನಮ್ಮ ಊರುಗಳಲ್ಲಿ ಮಾಮೂಲಿ. ಅಂಥವರು ಟ್ರೇಡ್ ಲೈಸೆನ್ಸನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಹೆಸರಿನಷ್ಟೇ ಮುಖ್ಯವಾದದ್ದು ಕ್ಯಾಟಗರಿ. ಮುಖ್ಯ ಕ್ಯಾಟಗರಿ ಒಂದು, ಅದರ ಜೊತೆಗೆ 9ರವರೆಗೆ ಹೆಚ್ಚುವರಿ ಸೇರಿಸಬಹುದು. ಯಾವ ಹುಡುಕಾಟದಲ್ಲಿ ಅಂಗಡಿ ಬರಬೇಕು ಎಂಬುದನ್ನು ಮುಖ್ಯ ಕ್ಯಾಟಗರಿ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ನಿಮ್ಮ ದುಡಿಮೆ ಹೆಚ್ಚು ಬರುವುದು ಬ್ಲೌಸ್ ಹೊಲಿಗೆಯಿಂದಾದರೆ ‘ಟೈಲರ್’ ಮೊದಲಿರಲಿ, ‘ಬಟ್ಟೆ ಅಂಗಡಿ’ ಆಮೇಲೆ. ಒಂಬತ್ತನ್ನೂ ತುಂಬಲೇಬೇಕೆಂದಿಲ್ಲ, ಎರಡು ಮೂರು ಸಾಕು.

ಈಗ ವೆರಿಫಿಕೇಷನ್. ಹಿಂದೆ ಅಂಚೆಯಲ್ಲಿ ಕಾರ್ಡ್ ಬರುತ್ತಿತ್ತು. ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ಮೊಬೈಲ್‌ನಲ್ಲಿ, ಅದೇ ಪುಟದಿಂದ, ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಕನಿಷ್ಠ 30 ಸೆಕೆಂಡ್ ಚಿತ್ರೀಕರಿಸಬೇಕು. ರಸ್ತೆಯಿಂದ ಶುರುಮಾಡಿ: ಪಕ್ಕದ ಅಂಗಡಿಯ ಬೋರ್ಡು, ವೃತ್ತದ ಹೆಸರು, ಬೀದಿಯ ಫಲಕ ಕಾಣಲಿ. ಆಮೇಲೆ ನಿಮ್ಮ ಬೋರ್ಡು ಪೂರ್ತಿ, ಓದಲು ಬರುವಷ್ಟು ಹೊತ್ತು. ನಂತರ ಬೀಗ ತೆಗೆದು ಷಟರ್ ಎತ್ತುವುದು, ಗಲ್ಲಾ, ಒಳಗಿನ ಗೋಡೌನು, ಹೀಗೆ ಮಾಲೀಕರಿಗೆ ಮಾತ್ರ ಸಾಧ್ಯವಾಗುವ ಒಂದು ಕೆಲಸ. ಯಾರ ಮುಖವೂ ಬೇಕಿಲ್ಲ, ಆಧಾರ್ ಕಾರ್ಡ್, ಬ್ಯಾಂಕ್ ಪುಸ್ತಕ ತೋರಿಸಲೇಬೇಡಿ. ಪರಿಶೀಲನೆಗೆ 5 ಕೆಲಸದ ದಿನಗಳವರೆಗೆ ಹಿಡಿಯಬಹುದು. ತಿರಸ್ಕಾರವಾಗುವ ಕಾರಣಗಳು ಸಣ್ಣವು: ಸಂಜೆಯ ಹೊತ್ತು ಬೋರ್ಡಿನ ಲೈಟು ಕ್ಯಾಮೆರಾಕ್ಕೆ ಬಡಿದು ಅಕ್ಷರ ಬಿಳಿಚಿಕೊಂಡಿರುವುದು, ಫ್ಲೆಕ್ಸ್ ಅರ್ಧ ಹರಿದಿರುವುದು, ಬೋರ್ಡಿನ ಹೆಸರಿಗೂ ತುಂಬಿದ ಹೆಸರಿಗೂ ತಾಳೆಯಾಗದಿರುವುದು. ಬೋರ್ಡಿನಲ್ಲಿ ಶೇ. 60 ಜಾಗ ಕನ್ನಡಕ್ಕಿರಬೇಕೆಂಬ ನಿಯಮ 2024ರಲ್ಲಿ ಬಂದ ಮೇಲೆ ನಮ್ಮಲ್ಲಿ ಇಂಗ್ಲಿಷ್ ಹೆಸರು ಕೆಳಗೆ ಸಣ್ಣಕ್ಷರಕ್ಕೆ ಇಳಿದಿದೆ. ಪ್ರೊಫೈಲ್ ಇಂಗ್ಲಿಷ್‌ನಲ್ಲಿ ತುಂಬಿದ್ದರೆ ಆ ಸಣ್ಣಕ್ಷರದ ಹತ್ತಿರ ಹೋಗಿ ಒಂದೆರಡು ಸೆಕೆಂಡ್ ನಿಲ್ಲಿ. ಬೆಳಗ್ಗೆ ಒಂಬತ್ತರ ಬಿಸಿಲು ಇದಕ್ಕೆ ಒಳ್ಳೆಯ ಹೊತ್ತು.

ವೆರಿಫಿಕೇಷನ್ ಆದ ದಿನವೇ ಮಾಡಬೇಕಾದ್ದು ಮ್ಯಾಪಿನ ಪಿನ್ ಸರಿಪಡಿಸುವುದು. ಹಳೇ ಪೇಟೆಯ ಓಣಿಗಳಲ್ಲಿ ಪಿನ್ ಕಟ್ಟಡದ ಹಿಂಭಾಗಕ್ಕೆ ಬಿದ್ದಿರುತ್ತದೆ. ಆಗ ಮ್ಯಾಪು ಗಿರಾಕಿಯನ್ನು ಹಿಂದಿನ ರಸ್ತೆಗೆ ಕರೆದೊಯ್ದು ‘ತಲುಪಿದಿರಿ’ ಎನ್ನುತ್ತದೆ. ಉಪಗ್ರಹ ಚಿತ್ರ ತೆರೆದು, ದೊಡ್ಡದು ಮಾಡಿ, ಪಿನ್ನನ್ನು ನಿಮ್ಮ ಬಾಗಿಲ ಮೇಲೆಯೇ ತಂದಿಡಿ. ಬೇರೊಬ್ಬರ ಫೋನಿನಲ್ಲಿ ದಾರಿ ಹಾಕಿ, ಬಸ್ ಸ್ಟ್ಯಾಂಡಿನಿಂದ ಒಮ್ಮೆ ನಡೆದು ನೋಡಿ.

ಫೋಟೊಗಳ ಬಗ್ಗೆ ಗೂಗಲ್ ಹೇಳುವ ಅಳತೆ 720 ಗುಣಿಸು 720 ಪಿಕ್ಸೆಲ್, 5 ಎಂಬಿ ಒಳಗೆ. ಈಗಿನ ಯಾವ ಫೋನಿಗೂ ಅದು ಕಷ್ಟವಲ್ಲ. ತೆಗೆಯಬೇಕಾದ ಮೊದಲ ಫೋಟೊ ಗಿರಾಕಿ ನಡೆದು ಬರುವ ದಿಕ್ಕಿನಿಂದ ಕಾಣುವ ಅಂಗಡಿಯ ಮುಂಭಾಗ. ದೇವರ ಪಟ, ಉದ್ಘಾಟನೆಯ ಶಾಲು, ಹಬ್ಬದ ಶುಭಾಶಯದ ಪೋಸ್ಟರುಗಳಿಂದ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಬೆಲೆಪಟ್ಟಿಯ ಸ್ಪಷ್ಟ ಫೋಟೊ ಒಂದಿದ್ದರೆ ‘ಇದಕ್ಕೆಷ್ಟು’ ಎಂಬ ಫೋನುಗಳೇ ಕಡಿಮೆಯಾಗುತ್ತವೆ. ಬೆಲೆ ಬದಲಾದಾಗ ಹಳೆಯದನ್ನು ಅಳಿಸಲು ಮರೆಯಬಾರದು, ಅಷ್ಟೆ.

ಸಮಯದ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ವಾರದ ರಜೆ, ಮಧ್ಯಾಹ್ನ ಊಟಕ್ಕೆ ಮುಚ್ಚುವ ಎರಡು ಗಂಟೆ ಇವೆರಡನ್ನೂ ತುಂಬಬಹುದು. ಒಂದೇ ದಿನಕ್ಕೆ ಎರಡು ಪಾಳಿಯ ಸಮಯ ಹಾಕುವ ಅವಕಾಶವಿದೆ. ಆಯುಧಪೂಜೆ, ದೀಪಾವಳಿ, ಯುಗಾದಿಗೆ ‘ವಿಶೇಷ ಸಮಯ’ ಎಂಬುದನ್ನು ಒಂದು ವಾರ ಮೊದಲೇ ತುಂಬಿ. ತುಂಬದಿದ್ದರೆ ಹಬ್ಬದ ದಿನ ‘ಸಮಯ ಬೇರೆ ಇರಬಹುದು’ ಎಂದು ಪುಟದಲ್ಲಿ ಕಾಣುತ್ತದೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇನ್ನೊಂದು: ಯಾರು ಬೇಕಾದರೂ ನಿಮ್ಮ ಪುಟಕ್ಕೆ ತಿದ್ದುಪಡಿ ಸೂಚಿಸಬಹುದು. ‘ಶಾಶ್ವತವಾಗಿ ಮುಚ್ಚಿದೆ’ ಎಂದು ಕೂಡ. ಗೂಗಲ್ ಅದನ್ನು ಕೆಲವೊಮ್ಮೆ ಒಪ್ಪಿಬಿಡುತ್ತದೆ. ವಾರಕ್ಕೊಮ್ಮೆ, ಸೋಮವಾರ ಎಂದಿಟ್ಟುಕೊಳ್ಳಿ, ಪುಟ ತೆರೆದು ಫೋನ್ ನಂಬರ್, ಸಮಯ, ಪಿನ್ ಮೂರನ್ನು ನೋಡುವ ರೂಢಿ ಇರಲಿ. ಎರಡು ನಿಮಿಷದ ಕೆಲಸ.

ರಿವ್ಯೂಗಳು. ಪ್ರೊಫೈಲ್‌ನಲ್ಲಿ ರಿವ್ಯೂ ಕೇಳುವ ಲಿಂಕ್ ಮತ್ತು ಕ್ಯೂಆರ್ ಕೋಡ್ ಸಿಗುತ್ತದೆ. ಅದನ್ನು ಅಚ್ಚು ಹಾಕಿಸಿ ಗಲ್ಲಾದ ಮೇಲೆ ಇಡಬಹುದು, ಆದರೆ ಯುಪಿಐ ಕ್ಯೂಆರ್ ಪಕ್ಕದಲ್ಲಿ ಬೇಡ. ಜನ ದುಡ್ಡು ಕಟ್ಟಲು ಹೋಗಿ ಇದನ್ನು ಸ್ಕ್ಯಾನ್ ಮಾಡಿ ಗೊಂದಲಪಡುತ್ತಾರೆ. ‘ಐದು ಸ್ಟಾರ್ ಕೊಟ್ಟರೆ ಹತ್ತು ಪರ್ಸೆಂಟ್ ರಿಯಾಯಿತಿ’ ಎನ್ನುವುದು ನಿಯಮಕ್ಕೆ ವಿರುದ್ಧ. ಕೆಟ್ಟ ರಿವ್ಯೂ ಬಂದರೆ ಅದು ನಿಮಗೆ ಇಷ್ಟವಿಲ್ಲ ಎಂಬ ಕಾರಣಕ್ಕೆ ಗೂಗಲ್ ತೆಗೆಯುವುದಿಲ್ಲ. ಬೈಗುಳ, ಸ್ಪ್ಯಾಮ್, ಅಂಗಡಿಗೆ ಸಂಬಂಧವೇ ಇಲ್ಲದ ಮಾತು ಇಂಥವನ್ನು ಮಾತ್ರ ರಿಪೋರ್ಟ್ ಮಾಡಿ ತೆಗೆಸಬಹುದು. ಉಳಿದವಕ್ಕೆ ಎರಡು ಸಾಲಿನ ಉತ್ತರ ಸಾಕು: ಏನಾಯಿತು, ಏನು ಸರಿಪಡಿಸಿದಿರಿ. ಆ ಉತ್ತರವನ್ನು ಓದುವವರು ಬೈದವರಲ್ಲ, ನಾಳೆ ಬರುವ ಗಿರಾಕಿ ಎಂಬುದನ್ನು ನೆನಪಿಟ್ಟು ಬರೆಯಿರಿ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರಿಸಿ.

‘ನಿಮ್ಮ ಗೂಗಲ್ ಲಿಸ್ಟಿಂಗ್ ಅವಧಿ ಮುಗಿಯುತ್ತಿದೆ, ದುಡ್ಡು ಕಟ್ಟಿ’ ಎಂಬ ಫೋನ್ ಬಂದರೆ ಅದು ಮೋಸ. ಪ್ರೊಫೈಲ್‌ಗೆ ಗೂಗಲ್ ದುಡ್ಡು ಕೇಳುವುದಿಲ್ಲ, ಅದಕ್ಕೆ ಅವಧಿಯೂ ಇಲ್ಲ. ‘ನಂಬರ್ ಒನ್ ಜಾಗ ಗ್ಯಾರಂಟಿ’ ಎನ್ನುವವರಿಗೂ ಇದೇ ಮಾತು. ಹುಡುಕಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರುವಾಸಿ ಎಂಬ ಮೂರರ ಮೇಲೆ ಜಾಗ ನಿಂತಿದೆ. ದೂರವನ್ನು ಯಾವ ಏಜೆಂಟರೂ ಕಡಿಮೆ ಮಾಡಲಾರರು.

ಎಷ್ಟು ಪ್ರಯೋಜನವಾಯಿತು ಎಂದು ತಿಳಿಯಲು ‘ಪರ್ಫಾರ್ಮೆನ್ಸ್’ ಪುಟದಲ್ಲಿ ಕರೆ, ದಾರಿ ಕೇಳಿದ್ದು, ಯಾವ ಪದದಿಂದ ಹುಡುಕಿದರು ಎಂಬ ಲೆಕ್ಕ ಸಿಗುತ್ತದೆ. ಕರೆಯ ಲೆಕ್ಕ ಎಂದರೆ ಬಟನ್ ಒತ್ತಿದ ಲೆಕ್ಕ ಮಾತ್ರ. ನೀವು ಫೋನ್ ಎತ್ತಿದಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹುಡುಕಿದ ಪದಗಳ ಪಟ್ಟಿಯೇ ಇಲ್ಲಿನ ಚಿನ್ನ. ಜನ ‘ಎಗ್‌ಲೆಸ್ ಕೇಕ್’ ಎಂದು ಹುಡುಕಿ ಬರುತ್ತಿದ್ದರೆ, ನೀವು ಅದನ್ನು ಮಾಡುತ್ತಿದ್ದರೂ ಎಲ್ಲೂ ಬರೆದಿರದಿದ್ದರೆ, ಅವತ್ತೇ ಪ್ರಾಡಕ್ಟ್ ಪಟ್ಟಿಗೆ ಫೋಟೊ ಸಮೇತ ಸೇರಿಸಿ. ಇದಕ್ಕಿಂತ ನಂಬಬಹುದಾದ ಲೆಕ್ಕ ಗಲ್ಲಾದ ನೋಟ್‌ಬುಕ್ಕಿನದು: ಹೊಸ ಗಿರಾಕಿಯನ್ನು ‘ಹೇಗೆ ಗೊತ್ತಾಯ್ತು’ ಎಂದು ಕೇಳಿ ಮ್ಯಾಪ್, ವಾಟ್ಸ್‌ಆ್ಯಪ್, ಇನ್‌ಸ್ಟಾ, ಪರಿಚಯದವರು ಎಂಬ ನಾಲ್ಕು ಮನೆಗಳಲ್ಲಿ ಗೀಟು ಹಾಕುವುದು. ಒಂದು ತಿಂಗಳ ಗೀಟುಗಳನ್ನು ನೋಡಿದ ಮೇಲೆ ಜಾಹೀರಾತಿಗೆ ದುಡ್ಡು ಎಲ್ಲಿ ಹಾಕಬೇಕೆಂದು ಯೋಚಿಸಿ.

ಬಂದ ಗಿರಾಕಿಯನ್ನು ಉಳಿಸಿಕೊಳ್ಳಲು ವ್ಯಾಪಾರಿಗಳಿಗೆಂದೇ ಇರುವ ಆ್ಯಪ್ ವಾಟ್ಸ್‌ಆ್ಯಪ್ ಬಿಸಿನೆಸ್ ಬೇಕು. ಚಾಟ್ ಹೋದ ಮೇಲಂತೂ ಪ್ರೊಫೈಲ್‌ನಲ್ಲಿ ಕೊಡುವ ನಂಬರ್ ವಾಟ್ಸ್‌ಆ್ಯಪ್ ಇರುವ ನಂಬರೇ ಆಗಿರಲಿ. ಒಂದೇ ನಂಬರನ್ನು ಮಾಮೂಲಿ ವಾಟ್ಸ್‌ಆ್ಯಪ್ ಮತ್ತು ಬಿಸಿನೆಸ್ ಎರಡರಲ್ಲೂ ನಡೆಸಲಾಗದು, ಅಂಗಡಿಗೆ ಬೇರೆ ಸಿಮ್ ಇರುವುದೇ ಮೇಲು. ಅದರೊಳಗಿನ ಕ್ಯಾಟಲಾಗ್‌ಗೆ, ಅಂದರೆ ಮಾರುವ ವಸ್ತುಗಳ ಪಟ್ಟಿಗೆ, 500 ವಸ್ತುಗಳವರೆಗೆ ಸೇರಿಸಬಹುದು, ಆದರೆ ಮೊದಲ ತಿಂಗಳು ಹೆಚ್ಚು ಹೋಗುವ 20 ಸಾಕು, ಪ್ರತಿಯೊಂದಕ್ಕೂ ಬೆಲೆ ಸಮೇತ. ಔಷಧಿ, ಮದ್ಯ, ತಂಬಾಕು, ಜೀವಂತ ಪ್ರಾಣಿಗಳಿಗೆ ಕ್ಯಾಟಲಾಗ್‌ನಲ್ಲಿ ಅವಕಾಶವಿಲ್ಲ. ಮೆಡಿಕಲ್ ಸ್ಟೋರಿನವರೂ ನಾಟಿ ಕೋಳಿ ಸಾಕುವವರೂ ಇದನ್ನು ಮೊದಲೇ ತಿಳಿದಿರಬೇಕು. ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಒಂದಕ್ಕೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದೆ, ಯಾರೂ ಬರಲಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ ‘ಹಬ್ಬಕ್ಕೆ ಹೊಸ ಸ್ಟಾಕ್ ಬಂದಾಗ ತಿಳಿಸ್ತೀವಿ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ’ ಎಂದು ಕೇಳಿ, ಒಪ್ಪಿದವರನ್ನಷ್ಟೇ ಸೇರಿಸಿ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಜನ ಬ್ಲಾಕ್, ರಿಪೋರ್ಟ್ ಮಾಡುತ್ತಾರೆ. ಅದು ಹೆಚ್ಚಾದರೆ ನಂಬರೇ ಬ್ಯಾನ್ ಆಗಬಹುದು. ತಿಂಗಳಿಗೆ ಎರಡು ಸಂದೇಶ ಸಾಕು. ಗಿರಾಕಿಗಳ ನಂಬರುಗಳನ್ನು ಫೋನಿನಲ್ಲಷ್ಟೇ ಅಲ್ಲ, ಪುಸ್ತಕದಲ್ಲೋ ಎಕ್ಸೆಲ್‌ನಲ್ಲೋ ಬೇರೆ ಬರೆದಿಡಿ.

ಈ ಪ್ರೊಫೈಲ್ ಯಾರಿಗೆ ಒಗ್ಗುವುದಿಲ್ಲ ಎಂದೂ ಹೇಳಬೇಕು. ಮನೆಗೆ ಹೋಗಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳು ವಿಳಾಸ ಮರೆಮಾಡಿ 20 ಪ್ರದೇಶಗಳವರೆಗೆ ನಮೂದಿಸಬಹುದು, ಅವರಿಗೆ ತೊಂದರೆಯಿಲ್ಲ. ಗಿರಾಕಿಯನ್ನು ಮುಖಾಮುಖಿ ಕಾಣದೆ, ಕೊರಿಯರ್‌ನಲ್ಲಷ್ಟೇ ಇಳಕಲ್ ಸೀರೆ ಕಳಿಸುವ ಮನೆವ್ಯಾಪಾರಕ್ಕೆ ಗೂಗಲ್ ನಿಯಮದ ಪ್ರಕಾರ ಪ್ರೊಫೈಲ್ ಸಿಗುವುದಿಲ್ಲ. ಅಂಥವರಿಗೆ ಕ್ಯಾಟಲಾಗ್ ಮತ್ತು ಆನ್‌ಲೈನ್ ಮಾರುಕಟ್ಟೆಗಳೇ ದಾರಿ. ಆ ಮಾರುಕಟ್ಟೆಗಳಲ್ಲಿ ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿದ್ದದ್ದು 2023ರ ಅಕ್ಟೋಬರ್ 1ರಿಂದ ಸಡಿಲವಾಗಿದೆ: ಸರಕು ಮಾರುವವರ ವಾರ್ಷಿಕ ವಹಿವಾಟು ನೋಂದಣಿಯ ಮಿತಿಯೊಳಗಿದ್ದು, ಅಂದರೆ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿ ದಾಟದೆ, ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು.

ಮುಂದಿನ ಸಲ ಕೈಚೀಲ ಅಚ್ಚು ಹಾಕಿಸುವಾಗ ಅಂಗಡಿಯ ಹೆಸರು, ಹತ್ತಿರದ ಗುರುತು, ವಾಟ್ಸ್‌ಆ್ಯಪ್ ಇರುವ ನಂಬರ್ ಹಾಕಿಸಿ. ವೆಬ್ ವಿಳಾಸ ಬೇಕೆಂದರೆ ನಿಮ್ಮದೇ ಹೆಸರಿನ ‘ಡಾಟ್ ಇನ್’ ಡೊಮೇನ್ ಕೊಂಡು ಅದನ್ನು ಹಾಕಿಸಿ. ಅದನ್ನು ಇವತ್ತು ಕ್ಯಾಟಲಾಗ್‌ಗೆ ತಿರುಗಿಸಬಹುದು, ನಾಳೆ ಬೇರೆ ಪುಟಕ್ಕೆ. ಚೀಲದ ಮೇಲಿನ ಅಕ್ಷರ ಬದಲಿಸಬೇಕಾಗುವುದಿಲ್ಲ.