ಹಳೇ ಜರ್ಮನಿ 070 ಅಂತ ಚೈನಾ ಮಿಷನ್ ಕೊಡುತ್ತಿದ್ದಾನೆ, ಹುಷಾರು

ಹಳೇ ಚೈನ್ ಸಾ, ಅಂದರೆ ಮರ ಕೊಯ್ಯುವ ಮಿಷನ್ ಹುಡುಕಿ, ರಿಪೇರಿ ಮಾಡಿ ಇಟ್ಟುಕೊಳ್ಳುವ ಹುಚ್ಚು ಇರುವವರು ಉಡುಪಿ ಮಂಗಳೂರು ಕಡೆ ಎಷ್ಟು ಜನ ಇದ್ದೇವೆ ಹೇಳಿ, ಎಲ್ಲರಿಗೂ ಎಲ್ಲರ ಪರಿಚಯ. ಅಷ್ಟೂ ಜನಕ್ಕೆ ಇವತ್ತಲ್ಲ ನಾಳೆ ಈ ಮನುಷ್ಯನ ವಾಟ್ಸಾಪ್ ಮೆಸೇಜ್ ಬಂದೇ ಬರುತ್ತದೆ. ಕಾರ್ಕಳ ಕಡೆಯವನು ಅಂತ ಹೇಳಿಕೊಳ್ಳುತ್ತಾನೆ. ಹೆಸರು ಹಾಕುವುದಿಲ್ಲ, ಆದರೆ ಓದಿದರೆ ನಿಮಗೆ ಗುರುತು ಸಿಗುತ್ತದೆ.

ಮಿಷನ್ ಜರ್ಮನಿಯ ಸ್ಟಿಲ್ ಕಂಪನಿಯ 070 ಚೈನ್ ಸಾ. ಹಳೇ ಸಾಮಿಲ್ಲಿನದ್ದು, ಮೂಲೆಯಲ್ಲಿ ಬಿದ್ದಿತ್ತು, ಯಾರೂ ಬಿಚ್ಚಿಲ್ಲ, ಮೇಡ್ ಇನ್ ವೆಸ್ಟ್ ಜರ್ಮನಿ ಅಂತ ಪ್ಲೇಟ್ ಉಂಟು, ಪ್ಲಾಟಿನಂ ಪಾಯಿಂಟ್ (ಸ್ಪಾರ್ಕ್ ಬರಿಸಲು ತೆರೆದು ಮುಚ್ಚುವ ಹಳೇ ಕಾಲದ ಸ್ವಿಚ್) ಇರುವ ಮಾಡೆಲ್ ಅಂತ ಹೇಳಿದ. 1959ರಲ್ಲಿ ಬಂದ ಸ್ಟಿಲ್ಲಿನದ್ದೇ ಕಾಂಟ್ರಾ ಮಾಡೆಲಿನ ನಂತರದ್ದು ಈ 070, 106 ಸಿಸಿ, ಚೈನ್ ಬ್ರೇಕ್ ಇಲ್ಲ, ಕೈ ನಡುಗದ ಹಾಗೆ ರಬ್ಬರ್ ಬುಷ್ ಇಲ್ಲ, ಹಿಡಿದರೆ ಭುಜ ಬಿದ್ದುಹೋಗುವ ಭಾರ. ಆದರೂ ಬೇಕು. ಪಶ್ಚಿಮ ಜರ್ಮನಿ ಅನ್ನುವ ದೇಶವೇ 1990ಕ್ಕೆ ಮುಗಿಯಿತಲ್ವಾ, ಆ ಪ್ಲೇಟ್ ಇದ್ದರೆ ಮಿಷನ್ ಅದಕ್ಕಿಂತ ಹಿಂದಿನದ್ದು. ರೇಟ್ ಮೂವತ್ತೆರಡು ಸಾವಿರ ಹೇಳಿದ. ಒಪ್ಪಿದೆ.

ಮನೆಗೆ ಬರುತ್ತೇನೆ ಅಂದರೆ ಬೇಡ ಅಂದ. ರಸ್ತೆ ಕೆಲಸ ನಡೀತಾ ಉಂಟು, ಕಾರು ಬರುವುದಿಲ್ಲ, ನೀವು ಪಡುಬಿದ್ರಿಗೆ ಬನ್ನಿ ಅಂದ. ಹೈವೇ ಬದಿಯಲ್ಲಿ ಡಿಕ್ಕಿ ತೆಗೆದು ತೋರಿಸಿದ. ಒಂದೇ ಎಳೆತಕ್ಕೆ ಸ್ಟಾರ್ಟ್! ಆ ಸದ್ದಿಗೆ ಪಕ್ಕದ ಹೋಟೆಲಿನಿಂದ ಜನ ಹೊರಗೆ ಬಂದು ನೋಡಿದರು. ಸಿಲಿಂಡರ್ ಮುಟ್ಟಿದರೆ ಬಿಸಿ. ಕೇಳಿದೆ. "ಈಗಷ್ಟೇ ಇನ್ನೊಬ್ಬರಿಗೆ ತೋರಿಸಿದೆ ಅಣ್ಣ, ಅವರು ಇಪ್ಪತ್ತೆಂಟಕ್ಕೆ ಕೇಳಿದರು, ಕೊಡಲಿಲ್ಲ" ಅಂದ. ಸ್ಲೋನಲ್ಲಿ ನಿಲ್ಲುತ್ತಿರಲಿಲ್ಲ, ಆಫ್ ಆಗುತ್ತಿತ್ತು. ಅದಕ್ಕೆ "ಈಗಿನ ಪೆಟ್ರೋಲಲ್ಲಿ ಎಥನಾಲ್ ಅಲ್ವಾ ಅಣ್ಣ, ಹಳೇ ಡಯಾಫ್ರಂ ಗಟ್ಟಿ ಆಗ್ತದೆ" ಅಂದ. ಡಯಾಫ್ರಂ ಅಂದರೆ ಕಾರ್ಬೊರೇಟರಿನ ಒಳಗಿನ ತೆಳು ಪೊರೆ. ಸುಳ್ಳಲ್ಲ ಆ ಮಾತು, ಹಳೇ ಕಾರ್ಬೊರೇಟರಿಗೆ ಅದು ಆಗುವುದೇ. ನಿಜದ ನಡುವೆ ಸುಳ್ಳು ಸೇರಿಸಿ ಹೇಳುವುದರಲ್ಲಿ ಎಷ್ಟು ಪಳಗಿದ್ದಾನೆ ನೋಡಿ. ಮಳೆ ಬರುತ್ತದೆ, ಬೇಗ ಬೇಗ ಅಂತ ಅವಸರ ಬೇರೆ. ಗೂಗಲ್ ಪೇ ಮಾಡಿದೆ. ದುಡ್ಡು ಬಂತು ಅಂತ ಫೋನ್ ಹೇಳಿದ್ದೇ ತಡ, ಹೋದ.

ಮನೆಯಲ್ಲಿ ಪೆಟ್ರೋಲ್ ಬಟ್ಟೆಯಲ್ಲಿ ಒಂದು ಸಲ ಒರೆಸಿದೆ ಅಷ್ಟೇ. ಮಸಿ ಪೂರ್ತಿ ಬಿಟ್ಟು ಬಂತು! ಒಂದೇ ಒರೆಸಿಗೆ! ಸಾಮಿಲ್ಲಿನಲ್ಲಿ ವರ್ಷಗಟ್ಟಲೆ ಓಡಿದ ಮಿಷನ್ನಿನ ಫಿನ್ (ಸಿಲಿಂಡರಿನ ಸುತ್ತ ಇರುವ ತಂಪು ಮಾಡುವ ಪಟ್ಟಿ) ಸಂದಿನಲ್ಲಿ ಮರದ ಹುಡಿ, ಅಂಟು, ಆಯಿಲ್ ಎಲ್ಲ ಸುಟ್ಟು ಕಲ್ಲಿನ ಹಾಗೆ ಕೂತಿರುತ್ತದೆ, ಸ್ಕ್ರೂ ಡ್ರೈವರ್ ಹಾಕಿ ಕೆರೆಯಬೇಕು. ಇದು ಬರೀ ಸುಟ್ಟ ಆಯಿಲಿಗೆ ಮಣ್ಣು ಕಲಸಿ ಹಚ್ಚಿದ್ದು. ಒಳಗೆ ಫಳಫಳ ಹೊಳೆಯುವ ಹೊಸ ಕಾಸ್ಟಿಂಗ್. ಅಪ್ಪ ಅಲ್ಲೇ ನಿಂತಿದ್ದರು, ಎಂತ ಆಯಿತು ಕೇಳಿದರು. ಏನಿಲ್ಲ ಅಂದೆ. ಕೈ ನಡುಗುತ್ತಿತ್ತು.

ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದೆ. ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ, ಎಲೆಕ್ಟ್ರಾನಿಕ್ ಕಾಯಿಲ್. ಸಿಲಿಂಡರಿನಲ್ಲಿ ಅದನ್ನು ಮಾಡುವ ಜರ್ಮನಿ ಕಂಪನಿಗಳ ಹೆಸರು, ಮಾಹ್ಲೆ ಅಂತಲೂ ಇಲ್ಲ, ಕೆಎಸ್ ಅಂತಲೂ ಇಲ್ಲ. 070ರ ಪಾರ್ಟ್ ನಂಬರ್ 1106ರಿಂದ ಶುರುವಾಗುತ್ತದೆ, ಅಂಥ ನಂಬರ್ ಕ್ರ್ಯಾಂಕ್ ಕೇಸಿನಲ್ಲಿ ಎಲ್ಲೂ ಇಲ್ಲ. ಒರಿಜಿನಲ್ ಅಂತ ಇದ್ದದ್ದು ಸ್ಟಾರ್ಟರ್ ಕವರ್ ಮತ್ತು ಆ ಪ್ಲೇಟ್ ಮಾತ್ರ. ಯಾವುದೋ ಸತ್ತ ಮಿಷನ್ನಿನ ಕವರ್ ತಂದು, 070ನ್ನೇ ನೋಡಿ ಮಾಡಿದ ಚೈನಾ ಮಿಷನ್ನಿಗೆ ಕೂರಿಸಿದ್ದಾನೆ. ಅಳತೆ ಎಲ್ಲ ಒಂದೇ, ಹಾಗಾಗಿ ಕೂರುತ್ತದೆ. ಫೋಟೋ ಮತ್ತೆ ತೆಗೆದು ನೋಡಿದೆ. ಫೋಟೋದಲ್ಲಿ ಹ್ಯಾಂಡಲಿಗೆ ಸುತ್ತಿದ ಸೈಕಲ್ ಟ್ಯೂಬ್ ಹಳೇದು, ಬಿರುಕು ಬಿಟ್ಟದ್ದು. ನನಗೆ ಬಂದದ್ದರಲ್ಲಿ ಹೊಸ ಟ್ಯೂಬ್. ಫೋಟೋದ ಮಿಷನ್ನೇ ಬೇರೆ!

ಫೋನ್ ಮಾಡಿದೆ. ಅವನ ಉತ್ತರಗಳನ್ನು ಕೇಳಿ.

ಪಾಯಿಂಟ್ ಎಲ್ಲಿ ಅಂದರೆ, "ಅದು ತೊಂದರೆ ಕೊಡ್ತದೆ ಅಂತ ಎಲೆಕ್ಟ್ರಾನಿಕ್ ಹಾಕ್ಸಿದ್ದು, ನಿಮಗೇ ಒಳ್ಳೆಯದಲ್ವಾ." ಯಾರೂ ಬಿಚ್ಚಿಲ್ಲ ಅಂದಿರಲ್ಲ? "ನಾನು ಬಿಚ್ಚಿಲ್ಲ, ಮೆಕ್ಯಾನಿಕ್ ಬಿಚ್ಚಿದ್ದು." ಸಿಲಿಂಡರ್? "ಆ ಕಾಲದಲ್ಲಿ ಎಲ್ಲದರಲ್ಲೂ ಹೆಸರು ಹಾಕ್ತಿರ್ಲಿಲ್ಲ." ಹೊಸ ಕಾಸ್ಟಿಂಗ್? "ನಾವು ಚೆನ್ನಾಗಿ ಇಟ್ಕೊಂಡಿದ್ದೆವು." ಮಣ್ಣು ಹಚ್ಚಿ ಚೆನ್ನಾಗಿ ಇಟ್ಟುಕೊಳ್ಳುವುದಾ ಮಾರಾಯ್ರೆ! ಕೊನೆಗೆ ಅವನಿಗೇ ಸಿಟ್ಟು ಬಂತು. "ಓಡ್ತದಲ್ಲ? ಮರ ಕೊಯ್ತದಲ್ಲ? ಮತ್ತೆ ನಿಮಗೆ ಎಂತ ಬೇಕು? ಶೋಕೇಸಲ್ಲಿ ಇಡ್ಲಿಕ್ಕಾ?" ಹೌದು ಸ್ವಾಮಿ, ಇಡಲಿಕ್ಕೇ. ಅದಕ್ಕೇ ಅಷ್ಟು ದುಡ್ಡು ಕೊಟ್ಟದ್ದು.

ಇದೆಲ್ಲ ಆದ ಮೇಲೆ ರಾತ್ರಿ ಒಂದು ಮೆಸೇಜ್ ಹಾಕಿದ, ಅದನ್ನು ನೆನೆಸಿದರೆ ಈಗಲೂ ಮೈ ಉರಿಯುತ್ತದೆ. "ಬೇಡದಿದ್ರೆ ನಾನೇ ವಾಪಸ್ ತಗೊಳ್ತೇನೆ ಅಣ್ಣ, ಹನ್ನೊಂದು ಸಾವಿರ ಕೊಡ್ತೇನೆ." ಹನ್ನೊಂದು! ಅಂದರೆ ಮಿಷನ್ ಎಂಥದ್ದು ಅಂತ ಅವನಿಗೆ ಮೊದಲಿಂದಲೂ ಗೊತ್ತು. ನನ್ನ ದುಡ್ಡು ಪೂರ್ತಿ ಕೊಡಿ ಅಂತ ಬರೆದೆ. ನೀಲಿ ಟಿಕ್ ಬಂತು. ಆಮೇಲೆ ಬ್ಲಾಕ್.

ಚೈನಾ ಮಿಷನ್ನಿನ ಮೇಲೆ ನನಗೆ ದ್ವೇಷ ಇಲ್ಲ. ತೋಟದ ಕೆಲಸಕ್ಕೆ ಬೇಕಾದರೆ ಚೈನಾದ್ದು ಅಂತಲೇ ಹೇಳಿ ಮಾರಲಿ, ತಗೊಳ್ಳುವವರು ತಗೊಳ್ಳುತ್ತಾರೆ.

ನೀವು ಹೋಗುವುದಾದರೆ ಮಿಷನ್ ತಣ್ಣಗೆ ಇರಬೇಕು ಅಂತ ಮೊದಲೇ ಹೇಳಿ, ಬಿಸಿ ಮಿಷನ್ ಸುಲಭವಾಗಿ ಸ್ಟಾರ್ಟ್ ಆಗಿ ತೊಂದರೆ ಮುಚ್ಚಿಹೋಗುತ್ತದೆ. ಬಿಸಿ ಇದ್ದರೆ ತಣಿಯುವವರೆಗೆ ಚಾ ಕುಡಿದು ಕಾಯಿರಿ, ಒಪ್ಪದಿದ್ದರೆ ವಾಪಸ್ ಬನ್ನಿ. ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿ. ಪೆಟ್ರೋಲ್ ಬಟ್ಟೆ ಒಂದು ಜೇಬಿನಲ್ಲಿರಲಿ. ಪ್ಲೇಟ್ ನೋಡಿ ದುಡ್ಡು ಕೊಡಬೇಡಿ, ಪ್ಲೇಟ್ ಸುಮ್ನೆ ಎರಡು ನಿಮಿಷದ ಕೆಲಸ. ಅವತ್ತಿನ ಪೇಪರ್ ಪಕ್ಕದಲ್ಲಿಟ್ಟು ಫೋಟೋ ಕಳಿಸಿ ಅಂತ ಕೇಳಿ, ಇವನು ಕಳಿಸುವುದಿಲ್ಲ. ಭಾವನ ನಂಬರಿನಿಂದ ಕೇಳಿಸಿ ನೋಡಿದೆ, "ಸಾಮಿಲ್ಲಲ್ಲಿ ನೆಟ್‌ವರ್ಕ್ ಇಲ್ಲ" ಅಂದ. ನಾಲ್ಕು ಫೋಟೋ ಮಾತ್ರ ಅದೇ ನೆಟ್‌ವರ್ಕಿನಲ್ಲಿ ಬಂತು, ಅದೇ ಹಳೇ ಟ್ಯೂಬ್ ಸುತ್ತಿದ ಹ್ಯಾಂಡಲ್. ಈ ಸಲ ಮೂಲ್ಕಿಗೆ ಬನ್ನಿ ಅಂತಾನೆ, ರೇಟ್ ಮೂವತ್ತನಾಲ್ಕು ಮಾಡಿದ್ದಾನೆ. ಆ ಫೋಟೋಗಳೂ, ನನಗೆ ಕೊಟ್ಟ ಮಿಷನ್ ಬಿಚ್ಚಿದ ಫೋಟೋಗಳೂ ನನ್ನ ಹತ್ತಿರ ಉಂಟು. ಯಾರಿಗಾದರೂ ಇಂಥ ಮೆಸೇಜ್ ಬಂದಿದ್ದರೆ ಕೇಳಿ, ಕಳಿಸುತ್ತೇನೆ. ದುಡ್ಡು ಹಾಕುವ ಮುಂಚೆ ಹೋಲಿಸಿ ನೋಡಿ.